ಫ್ರಿಜ್ ಬಾಗಿಲಿನ ಗ್ಯಾಸ್ಕೆಟ್: ಮನೆಯಲ್ಲೇ ಬದಲಾವಣೆ
ಫ್ರಿಜ್ ಬಾಗಿಲಿನ ಒಳ ಅಂಚಿನ ಸುತ್ತ ಇರುವ ಮೆದುವಾದ ಪಿವಿಸಿ ಪಟ್ಟಿಯೇ ಗ್ಯಾಸ್ಕೆಟ್, ಆಡುಮಾತಿನಲ್ಲಿ ‘ರಬ್ಬರ್’. ಒಳಗೆ ಹುದುಗಿರುವ ಅಯಸ್ಕಾಂತ ಬಾಗಿಲನ್ನು ಬಿಗಿಹಿಡಿಯುತ್ತದೆ. ಇದು ಸವೆದರೆ ಬಿಸಿಗಾಳಿ ಒಳಸೇರಿ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ವಿದ್ಯುತ್ ಬಿಲ್ ಏರುತ್ತದೆ, ಹಾಲು ಬೇಗ ಕೆಡುತ್ತದೆ.

ಕಾಗದವೊಂದನ್ನಿಟ್ಟು ಬಾಗಿಲು ಮುಚ್ಚಿ ಎಳೆದಾಗ ಅದು ಸಲೀಸಾಗಿ ಬಂದರೆ ಅಲ್ಲಿ ಬಿಗಿ ತಪ್ಪಿದೆ ಎಂದರ್ಥ. ಮೊದಲು ಸೋಪುನೀರಿನಿಂದ ಒರೆಸಿ ಮರುಪರೀಕ್ಷಿಸಬೇಕು. ಕೆಲವೊಮ್ಮೆ ಕೊಳೆಯೇ ಕಾರಣವಾಗಿರುತ್ತದೆ. ಬಿರುಕು ಬಿಟ್ಟಿದ್ದರೆ ಬದಲಿಸುವುದೇ ಪರಿಹಾರ.

ಮಾಡೆಲ್ ಸಂಖ್ಯೆ ತಿಳಿಸಿ ಹೊಸದನ್ನು ಕೊಳ್ಳಬೇಕು. ಮಡಿಕೆ ಬಿಡಲು ಬೆಚ್ಚನೆಯ ನೀರಿನಲ್ಲಿ ನೆನೆಸಿ ಒರೆಸಬೇಕು. ಪ್ಲಗ್ ತೆಗೆದ ನಂತರ ಹಳೆಯದನ್ನು ಮೂಲೆಯಿಂದ ಬಿಡಿಸಬೇಕು. ಕೆಲವು ಮಾದರಿಗಳಲ್ಲಿ ಅಂಚಿನಡಿಯ ಸ್ಕ್ರೂ ಸಡಿಲಿಸಬೇಕಾಗುತ್ತದೆ. ಹೊಸದನ್ನು ಮೊದಲು ನಾಲ್ಕೂ ಮೂಲೆಗಳಲ್ಲಿ, ಬಳಿಕ ಉದ್ದಕ್ಕೂ ಕೂರಿಸಿ, ಮತ್ತೆ ಕಾಗದದ ಪರೀಕ್ಷೆ ನಡೆಸಬೇಕು.