ಸಾರ್ವತ್ರಿಕ ಕೀಲು: ದೊಡ್ಡಮಳೂರಿನಲ್ಲಿ ಕಂಡ ಒಂದು ದುರಸ್ತಿ ಮತ್ತು ಅದರ ಚಾರಿತ್ರಿಕ ಹಿನ್ನೆಲೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಅವುಗಳನ್ನು ಕಲ್ಪಿಸಿದವರ ಹೆಸರನ್ನೂ, ಕಾರ್ಖಾನೆಗಳು ಸ್ಥಾಪಿತವಾದ ವರ್ಷಗಳನ್ನೂ ತಪ್ಪದೆ ದಾಖಲಿಸುತ್ತಾರೆ. ಆದರೆ ಸವೆದ ಯಂತ್ರವನ್ನು ಬಿಚ್ಚಿ, ತೊಳೆದು, ಮತ್ತೆ ನಡೆಯುವಂತೆ ಮಾಡಿದವರ ವೃತ್ತಾಂತಕ್ಕೆ ಆ ಗ್ರಂಥಗಳಲ್ಲಿ ಸ್ಥಳ ದೊರೆಯುವುದು ವಿರಳ. ಮೋಟಾರು ಕಾರಿನ ಒಂದು ಚಿಕ್ಕ ಅಂಗವನ್ನು ನಿದರ್ಶನವಾಗಿಟ್ಟುಕೊಂಡು ಈ ಕೊರತೆಯನ್ನು ವಾಚಕರ ಗಮನಕ್ಕೆ ತರುವುದು ಪ್ರಸ್ತುತ ಲೇಖನದ ಉದ್ದೇಶ. ಆ ಅಂಗವೇ ಯೂನಿವರ್ಸಲ್ ಜಾಯಿಂಟ್ ಎಂಬ ಸಾರ್ವತ್ರಿಕ ಕೀಲು. ನಮ್ಮ ಕೆಲಸಗಾರರು ಇದನ್ನು 'ಕ್ರಾಸ್' ಎಂದು ಕರೆಯುವುದುಂಟು.

ಚನ್ನಪಟ್ಟಣಕ್ಕೆ ಸಮೀಪದಲ್ಲಿ, ಕಣ್ವಾ ನದಿಯ ಬಳಿ, ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯ ಮಗ್ಗುಲಲ್ಲಿ ದೊಡ್ಡಮಳೂರು ಇದೆ. ಅಪ್ರಮೇಯಸ್ವಾಮಿಯ ದೇವಾಲಯದಿಂದಲೂ, ಅಲ್ಲಿಯ ಅಂಬೆಗಾಲು ಕೃಷ್ಣನ ಮೂರ್ತಿಯಿಂದಲೂ ಈ ಊರು ಪ್ರಸಿದ್ಧವಾಗಿದೆ. ಪುರಂದರದಾಸರ ಹೆಸರನ್ನೂ ಸಂಪ್ರದಾಯವು ಈ ಕ್ಷೇತ್ರದೊಡನೆ ಜೋಡಿಸಿದೆ. ದೇವಾಲಯದ ದರ್ಶನಕ್ಕೆಂದು ಹೋಗಿದ್ದ ಈ ಲೇಖಕನು ರಸ್ತೆಯ ಬದಿಯ ಮರದ ನೆರಳಿನಲ್ಲಿ, ತಯಾರಿಕೆ ನಿಂತುಹೋದ ಮಾದರಿಯ ಒಂದು ಕಾರಿನ ಕೀಲುಗಳನ್ನು ಬದಲಾಯಿಸುತ್ತಿದ್ದುದನ್ನು ಆದ್ಯಂತವಾಗಿ ನೋಡಿದನು. ಈ ಲೇಖನಕ್ಕೆ ಅದೇ ಪ್ರೇರಣೆ.

ಮೊದಲು ಈ ಕೀಲಿನ ಅಗತ್ಯವೇನೆಂಬುದನ್ನು ವಿಚಾರಿಸೋಣ. ದೇವರ ತೇರನ್ನು ಜನರು ಹಗ್ಗದಿಂದ ಎಳೆಯುತ್ತಾರೆ. ಶಕ್ತಿಯು ಹೊರಗಿನಿಂದ ಬರುವುದರಿಂದ ಅದರ ಅಚ್ಚಿಗೆ ಗಾಲಿಯನ್ನು ಹೊರುವುದೊಂದೇ ಕೆಲಸ. ಮೋಟಾರು ಕಾರಿನ ಸ್ಥಿತಿ ಬೇರೆ. ಹಿಂದಿನ ಚಕ್ರಗಳಿಂದ ನಡೆಯುವ ಹಳೆಯ ಕಾರುಗಳಲ್ಲಿ ಎಂಜಿನ್ ಮುಂದೆ ಇರುತ್ತದೆ. ಹಿಂದಿನ ಅಚ್ಚು ರಸ್ತೆಯ ಹಳ್ಳತಿಟ್ಟುಗಳಿಗೆ ಅನುಗುಣವಾಗಿ ಮೇಲಕ್ಕೂ ಕೆಳಕ್ಕೂ ಆಡುತ್ತಿರುತ್ತದೆ. ಸ್ಥಿರವಾದ ಗೇರುಪೆಟ್ಟಿಗೆಯಿಂದ ಆಡುವ ಅಚ್ಚಿಗೆ ತಿರುಗುವ ಶಕ್ತಿಯನ್ನು ಸಾಗಿಸುವ ಉದ್ದನೆಯ ದಂಡವು, ತಿರುಗುತ್ತಿರುವಾಗಲೇ ಬಾಗಲು ಶಕ್ತವಾಗಿರಬೇಕು. ಅದಕ್ಕಾಗಿ ದಂಡದ ಎರಡು ಕೊನೆಗಳಲ್ಲಿಯೂ ಒಂದೊಂದು ಕೀಲನ್ನು ಇಡುತ್ತಾರೆ.

ಈ ಕಲ್ಪನೆ ಮೋಟಾರಿಗಿಂತ ಬಹಳ ಹಳೆಯದು. ಇಟಲಿಯ ವಿದ್ವಾಂಸನಾದ ಜೆರೊಲಾಮೊ ಕಾರ್ಡಾನೊ (1501–1576) ಒಂದರೊಳಗೊಂದು ತೂಗುವ ಬಳೆಗಳನ್ನು ವರ್ಣಿಸಿದುದರಿಂದ ಯೂರೋಪಿನ ಹಲವು ಭಾಷೆಗಳಲ್ಲಿ ಈ ಕೀಲಿಗೆ ಅವನ ಹೆಸರೇ ನಿಂತಿದೆ. ಆದರೆ ತಿರುಗುವಿಕೆಯನ್ನು ಒಂದು ದಂಡದಿಂದ ಓರೆಯಾದ ಇನ್ನೊಂದು ದಂಡಕ್ಕೆ ಸಾಗಿಸುವ ಸಾಧನವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಖಗೋಳ ವೀಕ್ಷಣೆಯ ಉಪಕರಣಗಳ ಸಂಬಂಧದಲ್ಲಿ ವಿವರಿಸಿದನು. ಸೂರ್ಯನನ್ನು ನೋಡುವ ಉಪಕರಣಕ್ಕಾಗಿ ಹುಟ್ಟಿದ ಯುಕ್ತಿಯು ಕಾಲಾಂತರದಲ್ಲಿ ಎತ್ತಿನ ಗಾಡಿಯ ರಸ್ತೆಗಳಿಗೆ ಬಂದಿತೆಂಬುದು ಗಮನಾರ್ಹವಾದ ಸಂಗತಿ.

ಈ ಕೀಲಿನಲ್ಲಿ ಒಂದು ಸಹಜವಾದ ದೋಷವಿದೆ. ಎರಡು ದಂಡಗಳು ಓರೆಯಾಗಿರುವಾಗ ಮೊದಲನೆಯದು ಸಮವೇಗದಿಂದ ತಿರುಗಿದರೂ ಎರಡನೆಯದು ಪ್ರತಿಯೊಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಕೋನವು 10 ಡಿಗ್ರಿಯಿದ್ದರೆ ಈ ವ್ಯತ್ಯಾಸ ಇತ್ತಟ್ಟಿಗೂ ಶೇಕಡಾ 1.5ರಷ್ಟು ಮಾತ್ರ, 30 ಡಿಗ್ರಿಯಾದರೆ ವೇಗವು ಶೇಕಡಾ 13ರಷ್ಟು ಇಳಿದು ಶೇಕಡಾ 15ರಷ್ಟು ಏರುತ್ತದೆ. ಎರಡು ಕೊನೆಗಳ ಕೋನಗಳು ಸಮವಾಗಿದ್ದು, ದಂಡದ ಮೇಲಿನ ಎರಡು ಕವಲುಗಳೂ ಒಂದೇ ನೇರದಲ್ಲಿದ್ದರೆ, ಒಂದು ಕೀಲಿನ ತಪ್ಪನ್ನು ಮತ್ತೊಂದು ಕೀಲು ತಿದ್ದುತ್ತದೆ. ಈ ನಿಯಮದ ಪ್ರಯೋಜನವು ಮುಂದೆ ಸ್ಪಷ್ಟವಾಗುವುದು.

ಆರಂಭಕಾಲದ ಅನೇಕ ಮೋಟಾರುಗಳು ಸರಪಳಿಯಿಂದ ನಡೆಯುತ್ತಿದ್ದವು. ಅಮೆರಿಕದ ಕ್ಲಾರೆನ್ಸ್ ಸ್ಪೈಸರ್‌ನು 1903ರಲ್ಲಿ ಮೋಟಾರಿಗೆ ತಕ್ಕ ಕೀಲಿನ ಪೇಟೆಂಟನ್ನು ಪಡೆದ ಮೇಲೆ ದಂಡದ ಪದ್ಧತಿಯು ಕ್ರಮೇಣ ವ್ಯಾಪಿಸಿತು. ಭಾರತದಲ್ಲಿ ಬಹುಕಾಲ ತಯಾರಾದ ಅಂಬಾಸಡರ್, ಫಿಯೆಟ್ 1100 ಮತ್ತು ಅದರಿಂದ ಬೆಳೆದ ಪ್ರೀಮಿಯರ್ ಪದ್ಮಿನಿ, ಇವೆಲ್ಲವೂ ಹಿಂದಿನ ಚಕ್ರಗಳಿಂದ ನಡೆಯುತ್ತಿದ್ದ ಕಾರುಗಳೇ.

ಈ ಕಾರುಗಳು ಮೈಸೂರಿನಲ್ಲಿ ತಯಾರಾಗಲಿಲ್ಲವೆಂಬುದಕ್ಕೆ ಚಾರಿತ್ರಿಕ ಕಾರಣವುಂಟು. ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸಬೇಕೆಂದು 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಶ್ರಮಿಸಿದರು, ವಾಲ್‌ಚಂದ್ ಹೀರಾಚಂದರು ಬಂಡವಾಳಗಾರರಾಗಿ ಮುಂದೆ ಬಂದರು. ಮೈಸೂರು ಸರ್ಕಾರಕ್ಕೆ ಒಲವಿದ್ದರೂ ಬ್ರಿಟಿಷ್ ಭಾರತ ಸರ್ಕಾರದ ವಿರೋಧದಿಂದ ಯೋಜನೆ ನಿಂತುಹೋಯಿತು. ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಯಿತು. ಬೆಂಗಳೂರು–ಮೈಸೂರು ರಸ್ತೆಯ ಮೇಲೆ, ಬಿಡದಿಯಲ್ಲಿ, ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕಾರುಗಳು ಹೊರಬರುವಷ್ಟರಲ್ಲಿ ಇಪ್ಪತ್ತನೆಯ ಶತಮಾನವೇ ಮುಗಿಯುತ್ತ ಬಂದಿತ್ತು. ನಡುವಣ ಸುಮಾರು ಆರು ದಶಕಗಳಲ್ಲಿ ಬೇರೆಡೆ ತಯಾರಾದ ಕಾರು, ಲಾರಿ, ಬಸ್ಸುಗಳನ್ನು ನಡೆಸುವುದೂ ಕಾಪಾಡುವುದೂ ಈ ರಸ್ತೆಯ ಜನರ ಪಾಲಿಗೆ ಬಂದ ಕೆಲಸವಾಗಿತ್ತು. ನಿರ್ಮಾಣದ ಅವಕಾಶವು ತಪ್ಪಿದ ಕಡೆಯಲ್ಲಿ ದುರಸ್ತಿಯ ವಿದ್ಯೆ ಬೆಳೆಯಿತೆಂದರೆ ಅತಿಶಯೋಕ್ತಿಯಾಗಲಾರದು.

ಇನ್ನು ದೊಡ್ಡಮಳೂರಿನಲ್ಲಿ ಕಂಡ ಕೆಲಸಕ್ಕೆ ಬರೋಣ. ಕಾರು ಹೊರಡುವಾಗ ಅಡಿಯಲ್ಲಿ 'ಟಕ್' ಎಂಬ ಶಬ್ದವಾಗುತ್ತಿತ್ತು; ವೇಗ ಹೆಚ್ಚಿದಂತೆ ನೆಲಹಲಗೆ ನಡುಗುತ್ತಿತ್ತು. ಕೆಲಸಗಾರನು ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಎತ್ತಿ, ಭದ್ರವಾದ ಆಸರೆಯಿಟ್ಟು ಒಳಗೆ ನುಸುಳಿದನು. ದಂಡವನ್ನು ಕೈಯಿಂದ ಅತ್ತಿತ್ತ ತಿರುಗಿಸಿ ಕೀಲಿನ ಸಡಿಲವನ್ನು ತೋರಿಸಿದನು. ಬಟ್ಟಲುಗಳ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿಯಿತ್ತು. ಗ್ರೀಸು ಒಣಗಿ ಬಹಳ ಕಾಲವಾಗಿತ್ತೆಂಬುದಕ್ಕೆ ಅದೇ ಸಾಕ್ಷಿ. ಬೋಲ್ಟುಗಳನ್ನು ಸಡಿಲಿಸುವ ಮುನ್ನ ಅವನು ಉಳಿಯಿಂದ ಜೋಡಣೆಯ ಎರಡು ಭಾಗಗಳ ಮೇಲೂ, ದಂಡದ ಜಾರುವ ಹಲ್ಲುಗಳ ಮೇಲೂ ಗುರುತು ಹಾಕಿದನು. ಅನಂತರ ದಂಡವನ್ನು ಇಳಿಸಿ, ಬಟ್ಟಲುಗಳನ್ನು ಹಿಡಿದಿದ್ದ ಉಂಗುರಕಡ್ಡಿಗಳನ್ನು ತೆಗೆದು, ವೈಸಿನಲ್ಲಿ ಒತ್ತಿ ನಾಲ್ಕು ಬಟ್ಟಲುಗಳನ್ನೂ ಶಿಲುಬೆಯಾಕಾರದ ಉಕ್ಕನ್ನೂ ಹೊರತೆಗೆದನು. ಶಿಲುಬೆಯ ತೋಳುಗಳ ಮೇಲೆ ಸೂಜಿಯಂತಹ ಉರುಳೆಗಳು ಕೊರೆದ ಗೀರುಗಳು ಸಾಲಾಗಿ ಕಾಣುತ್ತಿದ್ದವು. ಶಾಸನದ ಅಕ್ಷರಗಳನ್ನು ಓದುವ ಅಭ್ಯಾಸವುಳ್ಳವರಿಗೆ ಆ ಗೀರುಗಳು ಕೂಡ ಓದಲು ಯೋಗ್ಯವಾದ ದಾಖಲೆಯೆಂದು ತೋರದಿರದು.

ಹೊಸ ಕೀಲನ್ನು ಕೂಡಿಸುವುದು ಹೆಚ್ಚಿನ ಸಹನೆಯ ಕೆಲಸ. ಸೂಜಿಯುರುಳೆಗಳು ಬೀಳದಂತೆ ಗ್ರೀಸು ತುಂಬಿ, ಬಟ್ಟಲುಗಳನ್ನು ನೇರವಾಗಿ ಒತ್ತಬೇಕು. ಒಂದು ಸೂಜಿಯಾದರೂ ಅಡ್ಡಬಿದ್ದರೆ ಬಟ್ಟಲು ಪೂರ್ತಿಯಾಗಿ ಕೂರುವುದಿಲ್ಲ, ಉಂಗುರಕಡ್ಡಿಯೂ ತನ್ನ ಗಾಡಿಗೆ ಬೀಳುವುದಿಲ್ಲ. ಕೀಲು ಬಿಗಿಯಾಗಿದ್ದಾಗ ಕವಲನ್ನು ಮೆಲ್ಲನೆ ತಟ್ಟಿ, ತನ್ನ ಭಾರದಿಂದಲೇ ಬಾಗುವಂತೆ ಮಾಡಿದನು. ಕೊನೆಗೆ ಗುರುತಿಗೆ ಗುರುತನ್ನು ಸೇರಿಸಿ ದಂಡವನ್ನು ಜೋಡಿಸಿದನು. ಗುರುತು ಏಕೆಂದು ಕೇಳಿದುದಕ್ಕೆ, ಒಂದು ಹಲ್ಲು ತಪ್ಪಿದರೂ ಹೊಸ ಕೀಲು ಹಾಕಿದ ಗಾಡಿ ಹಳೆಯದಕ್ಕಿಂತ ಹೆಚ್ಚು ನಡುಗುತ್ತದೆ ಎಂದು ಉತ್ತರ ಕೊಟ್ಟನು. ಹುಕ್‌ನ ಕೀಲಿನ ದೋಷವನ್ನು ಗಣಿತವು ಹೇಗೆ ವಿವರಿಸುತ್ತದೆಯೋ ಅದನ್ನೇ ಅವನು ಕೈಯಿಂದ ಅರಿತಿದ್ದನು. ಅವನು ಯಾವ ಪುಸ್ತಕದಿಂದಲೂ ಇದನ್ನು ಕಲಿತವನಲ್ಲ. ಅವನಿಗೆ ಕಲಿಸಿದವರೂ ಬರೆದಿಟ್ಟವರಲ್ಲ.

ಈ ವಿದ್ಯೆಯ ಆಸರೆಗಳು ಈಗ ಒಂದೊಂದಾಗಿ ಸರಿಯುತ್ತಿವೆ. 1983ರಲ್ಲಿ ಬಂದ ಮಾರುತಿ 800 ಮುಂದಿನ ಚಕ್ರಗಳಿಂದ ನಡೆಯುವ ಕಾರು. ಅದಕ್ಕೆ ಹಿಂದಕ್ಕೆ ಚಾಚಿದ ದಂಡವೇ ಇಲ್ಲ. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. 2023ರ ಮಾರ್ಚಿಯಲ್ಲಿ ಉದ್ಘಾಟಿತವಾದ ಹೊಸ ಹೆದ್ದಾರಿಯು ರಾಮನಗರ, ಚನ್ನಪಟ್ಟಣಗಳನ್ನು ಹೊರಗಿಟ್ಟು ಸಾಗುವುದರಿಂದ ದೂರದ ವಾಹನಗಳು ಹಳೆಯ ರಸ್ತೆಯನ್ನು ಬಿಟ್ಟಿವೆ. ಲಾರಿಗಳಲ್ಲಿ ಈ ಕೀಲು ಇಂದಿಗೂ ಉಂಟು; ಆದರೆ ಕೆಟ್ಟ ಗಾಡಿ ಬಂದು ನಿಲ್ಲುತ್ತಿದ್ದ ರಸ್ತೆಯ ಬದಿ ಮೊದಲಿನಂತಿಲ್ಲ.

ಚನ್ನಪಟ್ಟಣದ ಬೊಂಬೆಗಳನ್ನು ಕಡೆಯುವ ಕಲೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿರುವುದು ಸಂತೋಷದ ವಿಷಯ. ಅದೇ ನೆರೆಯಲ್ಲಿ ಉಕ್ಕನ್ನು ಬಿಚ್ಚಿ ಜೋಡಿಸಿದ ಕೈಗಳಿಗೆ ಮನ್ನಣೆ ಒತ್ತಟ್ಟಿಗಿರಲಿ, ಬರಿಯ ಉಲ್ಲೇಖವೂ ದೊರೆತಿಲ್ಲ. ಶಾಸನಗಳನ್ನು ಹುಡುಕಿ ಊರೂರು ಅಲೆಯುವ ನಮ್ಮ ವಿದ್ಯಾರ್ಥಿಗಳು ಈ ವೃದ್ಧ ಕೆಲಸಗಾರರ ಮಾತನ್ನೂ ಬರೆದುಕೊಂಡು ಬರುವುದು ಉಚಿತ. ಕಲ್ಲು ಇನ್ನೂ ಕೆಲವು ಕಾಲ ಕಾಯಬಲ್ಲುದು, ಅವರು ಕಾಯಲಾರರು.