ಆಂಟೆನಾ ಅಲ್ಲಿ, ಆಪರೇಟರ್ ಇಲ್ಲಿ

ಮೂವತ್ತು-ನಲವತ್ತರ ಸೈಟನ್ನು ಮೂಲೆಯಿಂದ ಮೂಲೆಗೆ ಅಳೆದರೆ ಸಿಗುವುದು 50 ಅಡಿ. 7 ಮೆಗಾಹರ್ಟ್ಸ್‌ನ ಡೈಪೋಲ್ ಆಂಟೆನಾಕ್ಕೆ ಬೇಕಾದ ತಂತಿ ಸುಮಾರು 66 ಅಡಿ. ಬೆಂಗಳೂರಿನ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಆಪರೇಟರ್, ತಾರಸಿಯ ನಡುವೆ ಪೈಪು ನಿಲ್ಲಿಸಿ ತಂತಿಯ ತುದಿಗಳನ್ನು ಇಳಿಬಿಡಬೇಕು, ಇಲ್ಲವೇ ಪಕ್ಕದ ಮನೆಯವರನ್ನು ಒಪ್ಪಿಸಿ ಅವರ ತೆಂಗಿನಮರಕ್ಕೆ ಹಗ್ಗ ಕಟ್ಟಬೇಕು. ಈ ಹವ್ಯಾಸಕ್ಕೆ ಪರವಾನಗಿ ಎಷ್ಟು ಮುಖ್ಯವೋ ಸ್ವಂತ ತಾರಸಿಯೂ ಅಷ್ಟೇ ಮುಖ್ಯ. ವಯಸ್ಸಾಗಿ, ಮೊಣಕಾಲು ಸೋತು, ಆರೈಕೆಯಿರುವ ಹಿರಿಯರ ನಿವಾಸಕ್ಕೆ ಹೋಗುವ ಹ್ಯಾಮ್ ಮೊದಲು ಕಳೆದುಕೊಳ್ಳುವುದೂ ಅದನ್ನೇ.

ರೇಡಿಯೊ ಮನೆಗೆ ಅಂಟಿಕೊಂಡೇ ಬೆಳೆದದ್ದು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ಆಕಾಶವಾಣಿಯನ್ನು ಆರಂಭಿಸಿದ್ದು ಮೈಸೂರಿನ ತಮ್ಮ ಸ್ವಂತ ಮನೆಯಲ್ಲಿ. ಅದು ಪ್ರಸಾರ ಕೇಂದ್ರ. ಹ್ಯಾಮ್‌ಗಳದ್ದು ಪರಸ್ಪರ ಮಾತುಕತೆ. ಆದರೂ ಯಂತ್ರ, ಕಂಬ, ಮನುಷ್ಯ ಮೂರೂ ಒಂದೇ ಆವರಣದಲ್ಲಿರಬೇಕಿತ್ತು. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಹ್ಯಾಮ್ ಪರವಾನಗಿಗಳನ್ನು ರದ್ದುಮಾಡಿ ಸೆಟ್ಟುಗಳನ್ನು ಒಪ್ಪಿಸುವಂತೆ ಹೇಳಿತು. ಯಾರ ಮನೆಯಲ್ಲಿ ಸೆಟ್ಟಿದೆ ಎಂಬುದು ಪರವಾನಗಿಯಲ್ಲೇ ಬರೆದಿತ್ತು.

ಸ್ವಾತಂತ್ರ್ಯದ ನಂತರ ಬೆಂಗಳೂರು ಈ ಹವ್ಯಾಸಕ್ಕೆ ಹೇಳಿ ಮಾಡಿಸಿದ ಊರಾಯಿತು. 1948ರಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ, 1954ರಲ್ಲಿ ಜಾಲಹಳ್ಳಿಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್ ಬಂದವು. ಬಿಡಿಭಾಗ ಹುಡುಕಲು ಎಸ್.ಪಿ. ರಸ್ತೆ ಇತ್ತು. 1970ರ ದಶಕದ ಕೊನೆಗೆ ಆರ್.ಕೆ. ಬಾಳಿಗ ಅವರ ಮುಂದಾಳತ್ವದಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಅದರ ಪಕ್ಕದ ಹೆಬ್ಬಗೋಡಿ ಇಂದು ನಗರಸಭೆ. 2025ರ ಆಗಸ್ಟ್‌ನಿಂದ ಅಲ್ಲಿಗೆ ಹಳದಿ ಮಾರ್ಗದ ಮೆಟ್ರೊ ಕೂಡ ಇದೆ. ಆದರೆ ಕಿವಿಗೊಟ್ಟು ಕೇಳುವ ಹ್ಯಾಮ್‌ಗೆ ಹೀಗೆ ಬೆಳೆದ ಊರು ಕಷ್ಟದ ಊರು. ಕಾರ್ಖಾನೆಯ ಮೋಟಾರ್ ಡ್ರೈವ್, ಎಲ್‌ಇಡಿ ದೀಪದ ಅಗ್ಗದ ಸರ್ಕ್ಯೂಟ್, ಮಹಡಿ ಮಹಡಿಯ ಇನ್ವರ್ಟರ್, ಎಲ್ಲವೂ ಶಾರ್ಟ್‌ವೇವ್‌ನಲ್ಲಿ ಗೊರಗೊರ ಎನ್ನುತ್ತವೆ. ದೂರದ ಕ್ಷೀಣ ದನಿ ಆ ಗದ್ದಲದಡಿ ಮುಚ್ಚಿಹೋಗುತ್ತದೆ. ಹಿರಿಯರ ನಿವಾಸದ ಆಡಳಿತ ತಾರಸಿಯಲ್ಲಿ ತಂತಿ ಕಟ್ಟಲು ಒಪ್ಪಿದರೂ ಇಲ್ಲಿ ಕೇಳಿಸುವುದು ಕಡಿಮೆಯೇ.

ಆಂಟೆನಾ ಆಪರೇಟರ್‌ನ ತಲೆಯ ಮೇಲೇ ಇರಬೇಕೆಂಬ ಕಟ್ಟುಪಾಡನ್ನು ಹ್ಯಾಮ್‌ಗಳು ಸಡಿಲಿಸಿ ಬಹಳ ಕಾಲವಾಗಿದೆ. ಕೇಳಿದ ದನಿಯನ್ನು ಮತ್ತೆ ಪ್ರಸಾರ ಮಾಡುವ, ಬೆಟ್ಟದ ಮೇಲಿನ ರಿಪೀಟರ್ ಅದರ ಮೊದಲ ಹೆಜ್ಜೆ. ಅದಕ್ಕಿಂತ ದೊಡ್ಡ ಹೆಜ್ಜೆಯಲ್ಲಿ ಬೆಂಗಳೂರಿನದೇ ಪಾಲಿದೆ. ಇಸ್ರೊದ ಇಲ್ಲಿನ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ 42.5 ಕಿಲೊ ತೂಕದ ಹ್ಯಾಮ್‌ಸ್ಯಾಟ್, 2005ರ ಮೇ 5ರಂದು ಕಾರ್ಟೊಸ್ಯಾಟ್-1ರ ಜೊತೆ ಶ್ರೀಹರಿಕೋಟದಿಂದ ಹಾರಿತು. ಅದರಲ್ಲಿದ್ದ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದು ಭಾರತದ್ದು, ಇನ್ನೊಂದು ಡಚ್ ವಿದ್ಯಾರ್ಥಿಯೊಬ್ಬ ತಯಾರಿಸಿದ್ದು. 435 ಮೆಗಾಹರ್ಟ್ಸ್‌ನಲ್ಲಿ ಕೇಳಿಸಿಕೊಂಡು 145ರಲ್ಲಿ ಮರಳಿ ಕಳಿಸುತ್ತಿದ್ದ ಆ ಪೆಟ್ಟಿಗೆಯ ಮೂಲಕ, ಕೈಯಲ್ಲಿ ಹಿಡಿಯುವ ಪುಟ್ಟ ಆಂಟೆನಾದಿಂದಲೂ ಹೊರದೇಶದವರೊಡನೆ ಮಾತಾಡಬಹುದಿತ್ತು. ಒಂಬತ್ತು ವರ್ಷ ದುಡಿದು 2014ರ ಜುಲೈನಲ್ಲಿ ಅದು ಮೌನವಾಯಿತು.

ಅಷ್ಟರೊಳಗೆ ಇಂಟರ್ನೆಟ್ ಮತ್ತೊಂದು ದಾರಿ ತೆರೆದಿತ್ತು. 2002ರಲ್ಲಿ ಬಂದ ಎಕೋಲಿಂಕ್, ಕಂಪ್ಯೂಟರಿನಿಂದ ದೂರದ ರಿಪೀಟರ್‌ಗೆ ದನಿ ಮುಟ್ಟಿಸಿತು. ಈಗಿನ ರಿಮೋಟ್ ಸ್ಟೇಷನ್ ಇನ್ನೂ ಪೂರ್ಣ: ಬಿಟ್ಟುಬಂದ ಮನೆಯಲ್ಲೋ ಊರಿನ ತೋಟದಲ್ಲೋ ರಿಗ್ (ರೇಡಿಯೊ ಸೆಟ್ಟು) ಮತ್ತು ಆಂಟೆನಾ, ಪಕ್ಕದಲ್ಲಿ ಸಣ್ಣ ಕಂಪ್ಯೂಟರ್, ಮಂಚದ ಪಕ್ಕದ ಲ್ಯಾಪ್‌ಟಾಪಿನಲ್ಲಿ ಅದೇ ರಿಗ್ಗಿನ ಡಯಲ್. ಅಮೆರಿಕದಲ್ಲಿ ಆಂಟೆನಾಕ್ಕೆ ನಿಷೇಧವಿರುವ ವಸತಿಗಳ ಹಿರಿಯರು ಹೀಗೆಯೇ ಹವ್ಯಾಸ ಉಳಿಸಿಕೊಂಡಿದ್ದಾರೆ.

ಮಾತಿಗೆ ಇದು ಸಲೀಸು, ಮೋರ್ಸ್‌ಗೆ ಅಲ್ಲ. ನಿಮಿಷಕ್ಕೆ 20 ಪದಗಳ ವೇಗದಲ್ಲಿ ಒಂದು ಚುಕ್ಕೆಯ ಆಯಸ್ಸು 60 ಮಿಲಿಸೆಕೆಂಡ್. ಇಂಟರ್ನೆಟ್ಟಿನ ವಿಳಂಬ ಅದಕ್ಕಿಂತ ಹೆಚ್ಚಿರಬಹುದು, ಒಂದೇ ಸಮನೆಯೂ ಇರುವುದಿಲ್ಲ. ಒತ್ತಿದ ಟಕ್ ಸದ್ದು ಆ ತುದಿಯಿಂದ ತಿರುಗಿ ಬರಲಿ ಎಂದು ಕಾದರೆ ಕೈ ತಡವರಿಸುತ್ತದೆ. ಹಾಗಾಗಿ ಸದ್ದು ಕೋಣೆಯಲ್ಲೇ ಹುಟ್ಟುವಂತೆ ಮಾಡಿ, ಚುಕ್ಕೆ-ಗೆರೆಗಳ ಅಳತೆಯನ್ನಷ್ಟೇ ಆಚೆಗೆ ಕಳಿಸುತ್ತಾರೆ; ಅಲ್ಲಿನ ಯಂತ್ರ ಅದೇ ಅಳತೆಗೆ ಮತ್ತೆ ನುಡಿಸುತ್ತದೆ. ಐವತ್ತು ವರ್ಷ ಕೀ ಒತ್ತಿದ ಬೆರಳಿನ ಲಯ ಹಾಗೇ ಉಳಿಯುತ್ತದೆ.

ಇದು ಹ್ಯಾಮ್ ರೇಡಿಯೊವೇ ಅಲ್ಲ ಎನ್ನುವವರೂ ಇದ್ದಾರೆ. ಆ ವಾದ ನಿಲ್ಲುವುದಿಲ್ಲ. ಅಲೆ ಹೊರಡುವುದು ಅದೇ ತಂತಿಯಿಂದ, ಅಯಾನುಗೋಳ ಅದನ್ನು ಬಾಗಿಸುವುದು ಅದೇ ರೀತಿ. ಬದಲಾದದ್ದು ಕುರ್ಚಿಯ ಜಾಗ. ಹ್ಯಾಮ್‌ಗಳು ರೇಡಿಯೊದಲ್ಲಿ ಒಟ್ಟುಗೂಡುವ ಬೆಳಗಿನ ನೆಟ್‌ನಲ್ಲಿ ಹೆಸರು ಕೂಗಿದಾಗ ಹಳೆಯ ಕಾಲ್‌ಸೈನ್ ಓಗೊಡುವುದು, ಮಡದಿಯನ್ನೂ ಮನೆಯನ್ನೂ ಕಳೆದುಕೊಂಡವರಿಗೆ ಬಹಳ ದೊಡ್ಡದು.

ಜವಾಬ್ದಾರಿಯೂ ಇದೆ. ಸಂಪರ್ಕ ಕಡಿದಾಗ ರಿಗ್ ಪ್ರಸಾರ ಮಾಡುತ್ತಲೇ ಉಳಿಯಬಾರದು. ಅಮೆರಿಕದ ನಿಯಮದಲ್ಲಿ ಅದಕ್ಕೆ ಮೂರೇ ನಿಮಿಷದ ಮಿತಿ. ನಮ್ಮಲ್ಲಿ ಪರವಾನಗಿ ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ; ಸ್ಟೇಷನ್ ಎಲ್ಲಿದೆ ಎಂಬುದು ಅದರ ದಾಖಲೆಯಲ್ಲಿರುತ್ತದೆ. ತಂತಿ ಜೋಡಿಸುವ ಮುನ್ನ ಅಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಇನ್ನು ಏಪ್ರಿಲ್-ಮೇ ತಿಂಗಳ ಗುಡುಗುಮಳೆ. ಸಿಡಿಲಿನ ಸೂಚನೆ ಕಂಡ ಕೂಡಲೇ ಆಂಟೆನಾ ಕೇಬಲ್ ಕಳಚಬೇಕು, ಅದಕ್ಕೆ ಅಲ್ಲೊಬ್ಬರು ಬೇಕು. ಮಗಳಾಗಲಿ, ಬಾಡಿಗೆಗಿರುವವರಾಗಲಿ, ಹತ್ತಿರದ ಎಳೆಯ ಹ್ಯಾಮ್ ಆಗಲಿ, ಯಾರಾದರೂ ಒಪ್ಪಿಕೊಂಡರೆ ಸಾಕು. ಮನೆ ಖಾಲಿ ಮಾಡುವಾಗ ಆ ತಂತಿಯನ್ನು ಬಿಚ್ಚಿ ಗುಜರಿಗೆ ಹಾಕುವ ಮುಂಚೆ ಈ ಮಾತು ಆಗಬೇಕು.