ಗೌರವ ಫಲಕವೂ ನಡತೆಯ ಕಾಲಮ್ಮೂ

ಶತಮಾನೋತ್ಸವ ಸಂಚಿಕೆಯ ಸಂಪಾದಕ ಸಮಿತಿಯವರು ‘ನಮ್ಮ ಶಾಲೆಯ ಪ್ರತಿಭಾವಂತರು’ ಎಂಬ ವಿಷಯವಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಕೇಳಿದಾಗ ಕೆಲಸ ಸುಲಭವೆಂದೇ ಭಾವಿಸಿದೆ. ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗೋಡೆಯ ಮೇಲೆ ಗೌರವ ಫಲಕವಿದೆ. ವರ್ಷ, ಹೆಸರು, ಅಂಕ ಎಂಬ ಮೂರು ಅಂಕಣಗಳು. ಅದನ್ನು ನಕಲು ಮಾಡಿ, ಹಿಂದೊಂದು ಮುಂದೊಂದು ಮಾತು ಸೇರಿಸಿದರೆ ಲೇಖನ ಸಿದ್ಧವಾಗುತ್ತಿತ್ತು. ಆದರೆ ಫಲಕದ ಮುಂದೆ ನಿಂತು ಹೆಸರುಗಳನ್ನು ಬರೆದುಕೊಳ್ಳತೊಡಗಿದಂತೆ, ಅಲ್ಲಿ ಇರಬೇಕಾಗಿದ್ದು ಇಲ್ಲದ ಹೆಸರುಗಳೇ ನೆನಪಿಗೆ ಬರಲಾರಂಭಿಸಿದವು. ಆದ್ದರಿಂದ ಈ ಬರಹ ಪ್ರತಿಭಾವಂತರ ಪಟ್ಟಿಯಾಗಿ ಉಳಿಯಲಿಲ್ಲ. ನಮ್ಮಂಥ ಶಾಲೆಗಳು ಯಾರನ್ನು, ಯಾವುದಕ್ಕಾಗಿ ಗೌರವಿಸುತ್ತ ಬಂದಿವೆ ಎಂಬುದರ ಚರಿತ್ರೆಯನ್ನು ತಿಳಿದಷ್ಟು ಮಟ್ಟಿಗೆ ಇಲ್ಲಿ ಹೇಳುತ್ತೇನೆ.

ನಮ್ಮ ಶಾಲೆ ಹುಟ್ಟಿದಾಗ ರಾಯದುರ್ಗವು ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಪ್ರಾಥಮಿಕ ಶಾಲೆಯಾಗಿ ಆರಂಭವಾದದ್ದು ಮುಂದೆ ಪ್ರೌಢಶಾಲೆಯಾಗಿ ಬೆಳೆಯಿತು. ಆ ಕಾಲದ ಪ್ರೌಢ ಶಿಕ್ಷಣದ ಗುರಿಯೆಂದರೆ ಎಸ್.ಎಸ್.ಎಲ್.ಸಿ. ಮೆಟ್ರಿಕ್ಯುಲೇಶನ್ನಿನ ಸ್ಥಾನದಲ್ಲಿ 1911ರ ಸುಮಾರಿಗೆ ಮದ್ರಾಸ್ ಪ್ರಾಂತ್ಯದಲ್ಲಿ ನೆಲೆಗೊಂಡ ಈ ವ್ಯವಸ್ಥೆ ಮೂಲತಃ ಕೇವಲ ಪರೀಕ್ಷೆಯಾಗಿರಲಿಲ್ಲ. ವಿದ್ಯಾರ್ಥಿಗೆ ಕೊಡುತ್ತಿದ್ದುದು ಒಂದು ಹಾಳೆಯನ್ನಲ್ಲ, ಪುಸ್ತಕವನ್ನು. ಸಾರ್ವಜನಿಕ ಪರೀಕ್ಷೆಯ ಅಂಕಗಳ ಜೊತೆಗೆ ಶಾಲೆಯಲ್ಲಿ ಪಡೆದ ಅಂಕಗಳಿಗೂ ಅದರಲ್ಲಿ ಸ್ಥಾನವಿತ್ತು. ಹುಡುಗನ ಶಾಲಾ ಜೀವನವೆಲ್ಲ ಆ ಪುಸ್ತಕದಿಂದ ತಿಳಿಯಬೇಕು ಎಂಬುದು ಯೋಜನೆಯ ಹಿಂದಿನ ಆಶಯ. ಗುರುತಿಗಾಗಿ ಮೈಮೇಲಿನ ಮಚ್ಚೆಗಳನ್ನೂ ಬರೆಯುತ್ತಿದ್ದರು. ಬಲಹುಬ್ಬಿನ ಮೇಲಿನ ಮಚ್ಚೆಗೆ ಸಿಕ್ಕಷ್ಟು ವಿವರವಾದ ಜಾಗ ಗುಣಕ್ಕೆ ಸಿಗಲಿಲ್ಲವಲ್ಲ ಎಂದು ಹಳೆಯ ಪುಸ್ತಕಗಳನ್ನು ಕಂಡಾಗ ಅನ್ನಿಸುವುದುಂಟು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾಯಿತು. ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ, ಉಳಿದ ಭಾಗ ಮೈಸೂರಿಗೂ ಸೇರಿದವು. ನಮ್ಮ ಮಕ್ಕಳು ಕುಳಿತ ಮಣೆ ಬಿಟ್ಟು ಏಳದೆಯೇ ಬೇರೆ ರಾಜ್ಯದವರೂ ಅನಂತಪುರ ಜಿಲ್ಲೆಯವರೂ ಆದರು. ಮಡಕಶಿರಾ ಸೀಮೆ ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲಿದ್ದು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಆಡಳಿತದ ಗೆರೆಗಳು ಹೇಗೆ ಸರಿದರೂ ಎರಡು ಕಡೆಯ ಕನ್ನಡ ಶಾಲೆಗಳ ಕಷ್ಟಸುಖ ಒಂದೇ.

ಅದೇ 1953ರಲ್ಲಿ ದೆಹಲಿಯಲ್ಲಿ ಮತ್ತೊಂದು ಕಾರ್ಯ ನಡೆಯಿತು. ಮದ್ರಾಸ್ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಪ್ರೌಢ ಶಿಕ್ಷಣ ಆಯೋಗವು ತನ್ನ ವರದಿಯನ್ನು ಒಪ್ಪಿಸಿತು. ಹೊರಗಿನ ಪರೀಕ್ಷೆಗಳ ಸಂಖ್ಯೆಯನ್ನು ತಗ್ಗಿಸಬೇಕು, ಅಂಕಗಳ ಬದಲು ಶ್ರೇಣಿಗಳನ್ನು ಬಳಸಬೇಕು, ಪ್ರತಿ ವಿದ್ಯಾರ್ಥಿಯ ಬೆಳವಣಿಗೆಯನ್ನು ಕಾಲಕಾಲಕ್ಕೆ ದಾಖಲಿಸುವ ಶಾಲಾ ದಾಖಲೆ ಇರಬೇಕು, ಆ ದಾಖಲೆಯ ಸಾರಾಂಶ ಅಂತಿಮ ಪ್ರಮಾಣಪತ್ರದಲ್ಲಿ ಕಾಣಬೇಕು ಎಂದು ಅದು ಶಿಫಾರಸು ಮಾಡಿತು. ಬಿ.ಇಡಿ. ಓದುವಾಗ ಇದನ್ನು ನಾವೆಲ್ಲ ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದೆವು! ಆಮೇಲೆ ಶಾಲೆಗೆ ಬಂದು ಅಂಕಗಳ ಪಟ್ಟಿಯನ್ನೇ ನೆಚ್ಚಿಕೊಂಡೆವು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಈ ಶಾಲೆಗೆ ಬರುವ ಮೊದಲು ನಾನು ಮಡಕಶಿರಾ ಕಡೆಯ ಒಂದು ಕನ್ನಡ ಪ್ರೌಢಶಾಲೆಯಲ್ಲಿ ಸಹಶಿಕ್ಷಕಿಯಾಗಿದ್ದೆ. ಅಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಹಳ್ಳದಾಚೆಯ ಊರಿನಿಂದ ನಡೆದು ಬರುತ್ತಿದ್ದಳು. ಒಬ್ಬಳೇ ಬರುತ್ತಿರಲಿಲ್ಲ. ಆರನೆಯ, ಏಳನೆಯ ತರಗತಿಯ ನಾಲ್ಕು ಮಕ್ಕಳನ್ನು ಕೈಹಿಡಿದು ಕರೆತರುತ್ತಿದ್ದಳು. ಮಳೆ ಬಂದು ಹಳ್ಳದಲ್ಲಿ ನೀರು ಬಂದ ದಿನ ಮೊದಲು ತಾನಿಳಿದು ಆಳ ನೋಡಿ, ಆಮೇಲೆ ಒಬ್ಬೊಬ್ಬರನ್ನಾಗಿ ದಾಟಿಸುತ್ತಿದ್ದಳು. ಕಡಲೆಕಾಯಿ ಕೀಳುವ ಕಾಲದಲ್ಲಿ ಅವಳಿಗೆ ಹೊಲದ ಕೆಲಸವಿರುತ್ತಿತ್ತು. ಆಗಲೂ ಬೆಳಿಗ್ಗೆ ಆ ನಾಲ್ವರನ್ನು ಶಾಲೆಯ ಗೇಟಿನವರೆಗೆ ಬಿಟ್ಟು ಹಿಂದಿರುಗುತ್ತಿದ್ದಳು. ಅವಳ ಅಂಕಗಳು ತೇರ್ಗಡೆಯ ಗೆರೆಯ ಆಸುಪಾಸಿನಲ್ಲಿದ್ದವು.

ಆ ವರ್ಷದ ವಾರ್ಷಿಕೋತ್ಸವದ ಬಹುಮಾನಗಳ ಪಟ್ಟಿಯನ್ನು ಸಿದ್ಧಪಡಿಸಿದವಳು ನಾನೇ. ಪ್ರತಿ ತರಗತಿಯಲ್ಲಿ ಮೊದಲ ಮೂವರು, ಪ್ರತಿ ವಿಷಯದಲ್ಲಿ ಮೊದಲಿಗರು, ಭಾಷಣ, ಪ್ರಬಂಧ, ಆಟೋಟಗಳಲ್ಲಿ ಗೆದ್ದವರು. ಅವಳ ಹೆಸರು ಎಲ್ಲಿಯೂ ಇರಲಿಲ್ಲ. ಆದರೆ ವೇದಿಕೆಯ ಮೇಲೆ ಅವಳಿದ್ದಳು. ನಂಬಿಕಸ್ಥೆ ಎಂಬ ಕಾರಣಕ್ಕೆ ಬಹುಮಾನದ ಸ್ಟೀಲ್ ಲೋಟ, ತಟ್ಟೆಗಳನ್ನು ಹರಿವಾಣದಲ್ಲಿಟ್ಟುಕೊಂಡು ಅತಿಥಿಗಳ ಪಕ್ಕದಲ್ಲಿ ನಿಲ್ಲುವ ಕೆಲಸವನ್ನು ನಾನೇ ಅವಳಿಗೆ ವಹಿಸಿದ್ದೆ. ಮುಗಿಯುವವರೆಗೂ ಅವಳು ಇತರರ ಬಹುಮಾನಗಳನ್ನು ಹೊತ್ತು ನಿಂತಿದ್ದಳು. ಅಂದು ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಬೇಸಿಗೆಯಲ್ಲಿ ಅವಳ ತಂದೆ ಟಿ.ಸಿ.ಗೆ ಬಂದರು. ನಡತೆಯ ಕಾಲಮ್ಮಿನಲ್ಲಿ ‘ಉತ್ತಮ’ ಎಂದು ಬರೆದೆ. ಓದು ಬಾರದ ಅವರು ಅಲ್ಲಿ ಏನು ಬರೆದಿದೆಯೆಂದು ಕೇಳಿ ತಿಳಿದುಕೊಂಡು, ಪಕ್ಕದಲ್ಲಿದ್ದ ಇತರ ಪತ್ರಗಳತ್ತ ನೋಡಿ, “ಎಲ್ಲಾರ್ಗೂ ಇದೇ ಬರೀತೀರೇನ್ರಮ್ಮಾ?” ಎಂದರು. ಆಕ್ಷೇಪಣೆಯ ದನಿಯಲ್ಲ, ತಿಳಿದುಕೊಳ್ಳುವ ದನಿ. “ಹೌದು” ಎಂದೆ. ಮತ್ತೇನು ಹೇಳಬಹುದಿತ್ತು? ಹಿಂದಿನ ಬೆಂಚಿನಲ್ಲಿ ಕುಳಿತು ಚಿಕ್ಕವರ ಬುತ್ತಿ ಕಸಿದವನಿಗೂ ನಾನು ಅದೇ ಪದವನ್ನೇ ಬರೆದಿದ್ದೆ.

ಗುಣವನ್ನು ದಾಖಲಿಸುವ ಪ್ರಯತ್ನಗಳು ಸರ್ಕಾರದಿಂದ ಆಗಿಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿತು. ನಮ್ಮ ರಾಜ್ಯದ ಹತ್ತನೆಯ ತರಗತಿಯ ಫಲಿತಾಂಶದಲ್ಲಿ 2012ರಿಂದ ಅಂಕಗಳ ಬದಲು ಗ್ರೇಡುಗಳು ಬಂದವು. ಆಗ ಫಲಕ ಬರೆಯುವ ಪೇಂಟರ್ ‘ಪ್ರಥಮ ಯಾರು ಮೇಡಂ?’ ಎಂದು ಕೇಳಿದರೆ ಉತ್ತರಿಸುವುದೇ ಕಷ್ಟವಾಗುತ್ತಿತ್ತು. ಮುಂದೆ ಪ್ರತಿ ವಿಷಯದಲ್ಲಿ ಇಪ್ಪತ್ತು ಆಂತರಿಕ ಅಂಕಗಳು ಬಂದವು. ಅನೇಕ ಕಡೆ ಎಲ್ಲರಿಗೂ ಇಪ್ಪತ್ತಕ್ಕೆ ಇಪ್ಪತ್ತು ಬೀಳುತ್ತಿವೆ ಎಂಬ ದೂರುಗಳು ಹೆಚ್ಚಿ 2019ರಲ್ಲಿ ಅವು ರದ್ದಾದವು. ಶಿಕ್ಷಕರಾದ ನಾವು ಇದಕ್ಕೆ ಸರ್ಕಾರವನ್ನು ಮಾತ್ರ ದೂರಲಾಗದು. ಉದಾರವಾಗಿ ಹಂಚಿದ ಆ ಇಪ್ಪತ್ತು ಅಂಕಗಳು ನಾನು ಬರೆದ ‘ಉತ್ತಮ’ದ ಬಂಧುಗಳೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಮಗ್ರ ಪ್ರಗತಿ ಪತ್ರದ ಮಾತನ್ನಾಡಿದೆ. ಅದರಲ್ಲಿ ಸಹಪಾಠಿಗಳ ಅಭಿಪ್ರಾಯಕ್ಕೂ ಸ್ಥಾನವಿದೆ.

ನಮ್ಮ ಶಾಲೆಯಲ್ಲಿ ಬದಲಾವಣೆ ತಂದದ್ದು ಮಾತ್ರ ನೀತಿಯಲ್ಲ, ಕೊರೊನಾ. 2020ರಲ್ಲಿಯೂ 2021ರಲ್ಲಿಯೂ ಹತ್ತನೆಯ ತರಗತಿಯ ಪರೀಕ್ಷೆಗಳು ರದ್ದಾದವು. ಎರಡು ವರ್ಷ ಫಲಕಕ್ಕೆ ಬರೆಸಲು ಪ್ರಥಮ ಸ್ಥಾನದವರೇ ಇಲ್ಲ. ಶಿಕ್ಷಕರ ಸಭೆಯಲ್ಲಿ ಆ ಸಾಲುಗಳನ್ನು ಖಾಲಿ ಬಿಡೋಣವೆಂದು ಕೆಲವರು, ‘ಪರೀಕ್ಷೆ ನಡೆಯಲಿಲ್ಲ’ ಎಂದು ಬರೆಸೋಣವೆಂದು ಕೆಲವರು ಹೇಳಿದರು. ಆಗ ನಮ್ಮ ಗಣಿತ ಶಿಕ್ಷಕರು, ಫೋನ್ ಇಲ್ಲದ ಮನೆಗಳಿಗೆ ಸೈಕಲ್ಲಿನಲ್ಲಿ ಪಾಠದ ಹಾಳೆಗಳನ್ನು ಮುಟ್ಟಿಸುತ್ತಿದ್ದ ಇಬ್ಬರು ಹುಡುಗರ ಹೆಸರು ಹೇಳಿದರು. ಸಭೆ ಸ್ವಲ್ಪ ಹೊತ್ತು ಮೌನವಾಯಿತು. ನನಗೆ ಹರಿವಾಣ ಹಿಡಿದು ನಿಂತಿದ್ದ ಹುಡುಗಿ ನೆನಪಾದಳು. ಆ ಎರಡು ಸಾಲುಗಳಲ್ಲಿ ಈಗ ಇರುವುದು ಆ ಹುಡುಗರ ಹೆಸರುಗಳು. ಅಂಕದ ಅಂಕಣದಲ್ಲಿ ಏನನ್ನೂ ಬರೆಸಿಲ್ಲ.

ಇದಕ್ಕೆ ಆಕ್ಷೇಪಣೆಗಳು ಬಾರದೆ ಇರಲಿಲ್ಲ. ಗುಣವನ್ನು ಅಳೆಯುವವರು ಯಾರು ಎಂದು ಪೋಷಕರೊಬ್ಬರು ಕೇಳಿದರು. ಅಂಕದಲ್ಲಾದರೆ ಜಾತಿ ಗೊತ್ತಾಗದು, ಮನೆತನ ಗೊತ್ತಾಗದು, ಉತ್ತರ ಪತ್ರಿಕೆಯ ಮೇಲೆ ಹೆಸರೂ ಇರದು. ‘ಒಳ್ಳೆಯ ಹುಡುಗ’ ಎಂಬ ಬಿರುದು ಯಾರ ಮನೆಯ ಮಗನಿಗೆ ಸಿಗುತ್ತದೆಂದು ನಾವು ಬಲ್ಲೆವು ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ಶಿಕ್ಷಕರಿಗೆ ಸದ್ದು ಮಾಡದ ಮಗುವೇ ಸದ್ಗುಣಿಯಾಗಿ ಕಾಣುವ ಅಪಾಯವೂ ಇದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ವಿಧೇಯತೆಯನ್ನೇ ಗುಣವೆಂದು ಹೊಗಳುವ ಅಭ್ಯಾಸ ನಮಗೆ ಅಂಟಿದೆ.

ಉತ್ತರಕ್ಕಾಗಿ ನಾನು ದೂರ ಹೋಗಬೇಕಾಗಲಿಲ್ಲ. ಮಡಕಶಿರಾ ಸೀಮೆಯ ಹೇಮಾವತಿ, ನೊಳಂಬರ ಹೆಂಜೇರು, ನಾನು ಮಕ್ಕಳನ್ನು ಹಲವು ಬಾರಿ ಕರೆದೊಯ್ದ ಸ್ಥಳ. ನಮ್ಮ ಸೀಮೆಯ ಊರೂರಲ್ಲಿ ವೀರಗಲ್ಲುಗಳಿವೆ. ಬರಹವುಳ್ಳ ವೀರಗಲ್ಲು ಸಾಮಾನ್ಯವಾಗಿ ಇಂಥವನು ಇಂಥ ಊರಿನ ತುರುಗಳನ್ನು ಮರಳಿಸಿ ಮಡಿದ ಎಂದು ನಡೆದುದನ್ನು ಹೇಳುತ್ತದೆ. ದೇಶದ ಮಕ್ಕಳ ಶೌರ್ಯ ಪ್ರಶಸ್ತಿ ಹುಟ್ಟಿದ ಬಗೆಯೂ ಅಂಥದೇ. 1957ರ ಅಕ್ಟೋಬರ್ 2ರಂದು ದೆಹಲಿಯ ರಾಮಲೀಲಾ ಮೈದಾನದಲ್ಲಿ ನೆಹರೂ ಅವರಿದ್ದ ಶಾಮಿಯಾನಕ್ಕೆ ಬೆಂಕಿ ಹತ್ತಿದಾಗ, ಹರೀಶ್ ಚಂದ್ರ ಮೆಹ್ರಾ ಎಂಬ 14 ವರ್ಷದ ಸ್ಕೌಟ್ ಬಾಲಕ ಚಾಕುವಿನಿಂದ ಬಟ್ಟೆಯನ್ನು ಸೀಳಿ ಜನರಿಗೆ ದಾರಿ ಮಾಡಿದ. ಪ್ರಶಸ್ತಿ ಬಂದದ್ದು ಆ ಕಾರ್ಯಕ್ಕೆ.

ಅದರಂತೆ ನಾವೂ ಶಿಕ್ಷಕರ ಕೊಠಡಿಯಲ್ಲಿ ಒಂದು ಉದ್ದನೆಯ ನೋಟುಪುಸ್ತಕವನ್ನು ಇಟ್ಟಿದ್ದೇವೆ. ಯಾವ ಮಗು, ಯಾವ ದಿನ, ಏನು ಮಾಡಿತು, ಕಂಡವರು ಯಾರು ಎಂದಷ್ಟೇ ಬರೆಯಬೇಕು. ‘ಸುಶೀಲ’, ‘ವಿನಯವಂತ’ ಮುಂತಾದ ಪದಗಳಿಗೆ ಅಲ್ಲಿ ಪ್ರವೇಶವಿಲ್ಲ. ಮಕ್ಕಳೂ ಮಕ್ಕಳ ಬಗ್ಗೆ ಬರೆಯಬಹುದು. ನಿಜ ಹೇಳಬೇಕೆಂದರೆ ನಮಗಿಂತ ಚೆನ್ನಾಗಿ ಅವರೇ ಬರೆಯುತ್ತಾರೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಶಿಕ್ಷಕರು ಕೂಡಿಸುವಾಗ ನಾಲ್ಕು ಅಂಕ ಹೆಚ್ಚಾಗಿ ಹಾಕಿದ್ದಾರೆಂದು ತಾನೇ ಹೋಗಿ ತೋರಿಸಿ, ಮೊದಲ ಸ್ಥಾನದಿಂದ ಎರಡನೆಯದಕ್ಕೆ ಇಳಿದ ಹುಡುಗನ ಸಂಗತಿ ಅದರಲ್ಲಿದೆ. ಬರೆದವನು ಆ ನಾಲ್ಕು ಅಂಕಗಳಿಂದ ಮೊದಲಿಗನಾದವನು.

ಅಂಕಗಳನ್ನು ಕಡೆಗಣಿಸಿದ್ದೇವೆಂದು ಯಾರೂ ತಿಳಿಯಬಾರದು. ಕನ್ನಡ, ತೆಲುಗು, ಇಂಗ್ಲಿಷ್ ಮೂರನ್ನೂ ಹೊತ್ತು ಓದುವ ಗಡಿನಾಡಿನ ಮಗುವಿಗೆ ಅಂಕವೇ ದಾರಿಯ ಬುತ್ತಿ. ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನದ ಎಂಟನೆಯ ತರಗತಿಯ ಪರೀಕ್ಷೆಯಲ್ಲಿ ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿಗಳಂತೆ ಹನ್ನೆರಡನೆಯ ತರಗತಿಯವರೆಗೆ ದೊರೆಯುತ್ತದೆ. ಕೂಲಿಯವರ ಮನೆಗೆ ಅದು ಸಣ್ಣ ಮೊತ್ತವಲ್ಲ. ಕರ್ನಾಟಕದ ಕನ್ನಡ ಅಭಿವೃದ್ಧಿ ಪ್ರಾಧಿಕಾರವು ಕನ್ನಡ ಮಾಧ್ಯಮದಲ್ಲಿ ಓದಿ ಹೆಚ್ಚು ಅಂಕ ಪಡೆದವರಿಗೆ ಕೊಡುವ ಪ್ರಶಸ್ತಿಯನ್ನು ಗಡಿನಾಡಿನ ಮಕ್ಕಳೂ ಪಡೆದಿದ್ದಾರೆ. ಗಡಿಯಾಚೆಯವರು ನಮ್ಮನ್ನು ನೆನೆದರೆಂಬ ಸಂತೋಷ ಆ ಹಾರದಲ್ಲಿರುತ್ತದೆ. ಆದರೆ ವರ್ಷದಿಂದ ವರ್ಷಕ್ಕೆ ದಾಖಲಾತಿ ಇಳಿಯುತ್ತಿರುವ ಕನ್ನಡ ಶಾಲೆಯ ಬಾಗಿಲನ್ನು ತೆರೆದಿಟ್ಟವರು ಪ್ರಥಮ ಸ್ಥಾನದವರು ಮಾತ್ರವಲ್ಲ. ತಮ್ಮ ತಂಗಿಯನ್ನು, ಪಕ್ಕದ ಮನೆಯ ಹುಡುಗನನ್ನು ಕೈಹಿಡಿದು ಕರೆತಂದು ಇಲ್ಲಿಯೇ ಕೂರಿಸಿದವರೂ ಹೌದು.

ಮಡಕಶಿರಾ ಕಡೆಯ ಆ ಹುಡುಗಿಯ ಹೆಸರನ್ನು ಈ ಫಲಕದ ಮೇಲೆ ಬರೆಸಲಾರೆ. ಅವಳು ಈ ಶಾಲೆಯ ವಿದ್ಯಾರ್ಥಿನಿಯಲ್ಲ. ಆದರೆ ಈ ನೂರು ವರ್ಷಗಳಲ್ಲಿ ಇಲ್ಲಿ ಅಂಥವರು ಎಷ್ಟೋ ಮಂದಿ ಓದಿದ್ದಾರೆ, ಅವರನ್ನು ಬಲ್ಲವರು ನೀವು. ಶತಮಾನೋತ್ಸವದ ನಿಮಿತ್ತ ಫಲಕವನ್ನು ಹೊಸದಾಗಿ ಬರೆಸುತ್ತಿದ್ದೇವೆ. ಬಲಭಾಗವನ್ನು ಖಾಲಿ ಬಿಡಲು ಪೇಂಟರಿಗೆ ಹೇಳಿದ್ದೇನೆ. ಹಳೆಯ ವಿದ್ಯಾರ್ಥಿ ಬಂಧುಗಳು ತಮ್ಮ ಸಹಪಾಠಿಗಳಲ್ಲಿ ಯಾರನ್ನಾದರೂ ಹೀಗೆ ನೆನೆಯುವುದಾದರೆ, ಹೆಸರು, ಸುಮಾರು ವರ್ಷ, ಅವರು ಮಾಡಿದ ಕೆಲಸ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಶಾಲೆಯ ಕಚೇರಿಗೆ ತಲುಪಿಸಬೇಕೆಂದು ಕೋರುತ್ತೇನೆ. ಕನ್ನಡದಲ್ಲಿ ಬರೆಯುವುದು ರೂಢಿ ತಪ್ಪಿದ್ದರೆ ತೆಲುಗಿನಲ್ಲಿ ಬರೆದರೂ ಸರಿ.